ಪೈನ್ ಮರಗಳ ಕೆಳಗಿನ ಸೂರು

ಉತ್ತರ ಕೆರೊಲೈನಾದ ರಾಲೀ ನಗರದ ಹೊರವಲಯದಲ್ಲಿ, ಅಕ್ಟೋಬರ್ ಕೊನೆಯ ಒಂದು ಶನಿವಾರ, ಹಿಂದಿನ ರಾತ್ರಿ ಸುರಿದ ಮಳೆಯ ತೇವವಿನ್ನೂ ಆರದಿದ್ದ ಹಿತ್ತಲ ಕಟ್ಟೆಯ ಮೇಲೆ, ತೀರ್ಥಹಳ್ಳಿ ಸೀಮೆಯಿಂದ ಬಂದು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಇಲ್ಲಿಯೇ ನೆಲಸಿದ ಚಿಕ್ಕಪ್ಪನೂ, ಆ ವರ್ಷದ ಆರಂಭದಲ್ಲಷ್ಟೇ ಮನೆ ಕೊಂಡ ಅವರ ಅಣ್ಣನ ಮಗಳೂ ಕುಳಿತಿದ್ದರು. ಮನೆಯ ಮೂರು ಪಾರ್ಶ್ವಗಳಲ್ಲಿ ಹನ್ನೊಂದು ಪೈನ್ ಮರಗಳು, ಅರ್ಧ ಎತ್ತರದವರೆಗೆ ಒಂದು ಕೊಂಬೆಯೂ ಇಲ್ಲದೆ ನೆಟ್ಟಗೆ ಬೆಳೆದು, ಮಾಡಿನ ಮೇಲೆ ತಲೆಗೂಡಿಸಿ ನಿಂತಿದ್ದವು. ಇಬ್ಬರ ನಡುವೆ ಒಂದು ಬಕೆಟ್ಟು; ಅದರಲ್ಲಿ ಚಿಕ್ಕಪ್ಪ ಆಗತಾನೆ ಏಣಿಯೇರಿ ಸೂರಿನ ದೋಣಿಯಿಂದ ಬಾಚಿ ತೆಗೆದ ಕಸ. ಮಗಳ ಕೈಯಲ್ಲಿ ಮೂರು ಕಂಪನಿಗಳವರು ಬರೆದುಕೊಟ್ಟ ದರಪಟ್ಟಿ. ಕಾಲ ಬಳಿ ಅವರು ಬಿಟ್ಟುಹೋದ, ದೋಣಿಗೆ ಹಾಕುವ ಮುಚ್ಚಳದ ಮಾದರಿಗಳು.

ಮಗಳು: ನಿನ್ನೆ ರಾತ್ರಿ ಮಲಗುವ ಕೋಣೆಯ ಕಿಟಕಿಯಾಚೆ ನೀರು ಪರದೆ ಇಳಿಬಿಟ್ಟಂತೆ ಬೀಳುತ್ತಿತ್ತು, ಚಿಕ್ಕಪ್ಪ. ದೋಣಿ ಇದ್ದೂ ಇಲ್ಲದ ಹಾಗಾಗಿದೆ. ಮೊನ್ನೆ ಬಂದ ಮಾರಾಟದವರು ಈ ಗಟರ್ ಗಾರ್ಡ್ ಎಂಬ ಮುಚ್ಚಳವೊಂದನ್ನು ಹಾಕಿಸಿಬಿಟ್ಟರೆ ಜನ್ಮದಲ್ಲಿ ಮತ್ತೆ ಏಣಿ ಮುಟ್ಟಬೇಕಾಗಿಲ್ಲವೆಂದರು. ಆ ದಿನವೇ ಸಹಿ ಮಾಡಿದರೆ ಬೆಲೆಯಲ್ಲಿ ಅರ್ಧ ಬಿಡುವುದಾಗಿಯೂ ಹೇಳಿದರು.

ಚಿಕ್ಕಪ್ಪ: ಸಹಿ ಮಾಡಲಿಲ್ಲವಷ್ಟೆ?

ಮಗಳು: ಇಲ್ಲ. ನಿಮ್ಮನ್ನು ಕೇಳದೆ ಮಾಡಬಾರದೆಂದು ನಿಲ್ಲಿಸಿಕೊಂಡೆ.

ಚಿಕ್ಕಪ್ಪ: ಒಳ್ಳೆಯದಾಯಿತು. ಇಂದು ಅರ್ಧಕ್ಕೆ ಕೊಡಬಲ್ಲವರು ನಾಳೆಯೂ ಅರ್ಧಕ್ಕೆ ಕೊಡಬಲ್ಲರು. ಒಂದು ರಾತ್ರಿ ಯೋಚಿಸುವಷ್ಟು ಅವಕಾಶವನ್ನು ಕೊಳ್ಳುವವರಿಗೆ ಬಿಡದ ವ್ಯಾಪಾರದಲ್ಲಿ ಅವಸರ ಯಾರದೆಂಬುದು ಗೊತ್ತಾಗಿಯೇ ಹೋಗುತ್ತದೆ. ಆದರೆ ಯಾವ ಮುಚ್ಚಳ ಎಂಬ ಮಾತಿಗೆ ಮೊದಲು, ಈ ಮುಚ್ಚಳ ತಡೆಯಬೇಕಾದದ್ದು ಏನನ್ನು ಎಂಬುದನ್ನು ನೋಡೋಣ. ಬಕೆಟ್ಟಿಗೆ ಕೈಹಾಕು.

ಮಗಳು: ಮೇಲೆ ಒಣಗಿದ ಸೂಜಿಯೆಲೆ, ಕೆಳಗೆಲ್ಲ ಕಪ್ಪು ಕೆಸರು. ಎತ್ತಿದರೆ ಚಾಪೆಯಂತೆ ಒಟ್ಟಿಗೇ ಬರುತ್ತಿದೆ. ಇದೇನು, ಮರಳಿನಂತೆ ಕಾಳುಕಾಳಾಗಿ ಸಿಗುತ್ತಿದೆ?

ಚಿಕ್ಕಪ್ಪ: ಅದು ನಿನ್ನ ಮಾಡಿನದೇ ಪುಡಿ. ಇಲ್ಲಿಯ ಮನೆಗಳಿಗೆ ಹೊದಿಸುವ ಡಾಂಬರು ಶಿಂಗಲ್ಲುಗಳ ಮೇಲೆ ಬಿಸಿಲು ತಡೆಯಲೆಂದು ಕಲ್ಲಿನ ಹರಳನ್ನು ಹಚ್ಚಿರುತ್ತಾರೆ. ವರ್ಷವರ್ಷವೂ ಅದಿಷ್ಟಿಷ್ಟು ಉದುರಿ ಮಳೆಯೊಡನೆ ದೋಣಿಗಿಳಿಯುತ್ತದೆ. ಈಗ ಒಂದೇ ಒಂದು ಎಲೆಯನ್ನು ಬಿಡಿಸಿ ಅಂಗೈಯಲ್ಲಿಟ್ಟುಕೋ. ಒಂದೆಂದು ಕಂಡದ್ದು ಒಂದಲ್ಲ. ಮೂರು ಸೂಜಿಗಳು ಬುಡದಲ್ಲಿ ಒಂದು ಕಂದು ಒರೆಯೊಳಗೆ ಸೇರಿಕೊಂಡು, ದರ್ಭೆಯ ಕಟ್ಟಿನಂತೆ, ಕೂಡಿಯೇ ಉದುರುತ್ತವೆ. ನಿನ್ನ ಸುತ್ತಲಿರುವ ಲೋಬ್ಲಾಲಿ ಪೈನಿನ ಲಕ್ಷಣವೇ ಇದು: ಮೂರರ ಕಟ್ಟು, ಆರರಿಂದ ಒಂಬತ್ತು ಇಂಚು ಉದ್ದ. ಉತ್ತರದ ಬಿಳಿ ಪೈನಿನದು ಐದರ ಕಟ್ಟು, ಸೂಜಿ ಇನ್ನೂ ತೆಳ್ಳಗೆ, ಗಿಡ್ಡ. ನಮ್ಮ ದಕ್ಷಿಣದ ಮರಳುನೆಲದ ಉದ್ದೆಲೆಯ ಪೈನಿನದು ಒಂದೊಂದು ಸಲ ಹದಿನೆಂಟು ಇಂಚಿನವರೆಗೂ ಬೆಳೆಯುತ್ತದೆ. ಆದುದರಿಂದ ಒಂದೂರಿನ ಮನೆಯಲ್ಲಿ ಚೆನ್ನಾಗಿ ನಡೆದ ಮುಚ್ಚಳವು ಮತ್ತೊಂದೂರಿನಲ್ಲಿಯೂ ನಡೆದೀತೆಂದು ಯಾರಾದರೂ ಹೇಳಿದರೆ, ಅಲ್ಲಿರುವ ಮರ ಯಾವುದು ಎಂದು ಮೊದಲು ಕೇಳತಕ್ಕದ್ದು.

ಮಗಳು: ಓಕ್ ಎಲೆಯೂ ಬೀಳುತ್ತದಲ್ಲ, ಚಿಕ್ಕಪ್ಪ. ಅದಕ್ಕೂ ಇದಕ್ಕೂ ಅಷ್ಟೊಂದು ವ್ಯತ್ಯಾಸವೇ?

ಚಿಕ್ಕಪ್ಪ: ಬಹಳ. ಅಗಲವಾದ ಎಲೆ ಜಾಲರಿಯ ಮೇಲೆ ಮಲಗುತ್ತದೆ, ಒಣಗಿ ಮುದುಡುತ್ತದೆ, ಗಾಳಿಗೆ ಹಾರಿಹೋಗುತ್ತದೆ; ವರ್ಷಕ್ಕೊಂದು ಋತುವಿನಲ್ಲಿ ಬಿದ್ದು ಮುಗಿಯುತ್ತದೆ. ಸೂಜಿಯೆಲೆಯ ಸ್ವಭಾವ ಅದಲ್ಲ. ಪೈನ್ ಮರವನ್ನು ನಿತ್ಯಹರಿತ್ತೆಂದು ಕರೆಯುವುದು ಅದರ ಎಲೆ ಉದುರುವುದಿಲ್ಲವೆಂದಲ್ಲ; ಒಂದೊಂದು ಸೂಜಿಯೂ ಸುಮಾರು ಎರಡು ವರ್ಷ ಕೊಂಬೆಯ ಮೇಲಿದ್ದು, ಹೊಸದು ಬಂದ ಬಳಿಕ ಹಳೆಯದು ಉದುರುವುದರಿಂದ, ಮರವು ಬೋಳಾಗದೆಯೂ ಎಲೆಯನ್ನು ಸುರಿಸುತ್ತಲೇ ಇರುತ್ತದೆ. ಈ ಎರಡು ತಿಂಗಳು ಧಾರಾಳವಾಗಿ, ಉಳಿದ ದಿನ ಅಷ್ಟಿಷ್ಟು. ಬಿದ್ದ ಸೂಜಿಯ ಬುಡ ಗಟ್ಟಿ, ತುದಿ ಚೂಪು. ಯಾವ ಕೊನೆ ರಂಧ್ರಕ್ಕೆ ಸಿಕ್ಕರೂ ಒಳಕ್ಕೆ ಜಾರುತ್ತದೆ, ಜಾರಿದ್ದು ಪೂರ್ತಿ ಇಳಿಯದೆ ಅರ್ಧ ಒಳಗೆ ಅರ್ಧ ಹೊರಗೆ ನಿಲ್ಲುತ್ತದೆ, ನಿಂತದ್ದಕ್ಕೆ ಮತ್ತೊಂದು ತಗುಲಿಕೊಳ್ಳುತ್ತದೆ, ಅದರ ಮೇಲೆ ಮೂರನೆಯದು ಅಡ್ಡ ಬೀಳುತ್ತದೆ. ಹೀಗೆ ಯಾರೂ ನೇಯದೆ ನೇಯ್ದ ಚಾಪೆಯೊಂದು ಹದಿನೈದು ದಿನಗಳಲ್ಲಿ ಸಿದ್ಧವಾಗುತ್ತದೆ. ಮೇಲೆ ರಾಳ ಬೇರೆ. ಕುಮಾರಸಂಭವದ ಮೊದಲ ಸರ್ಗದಲ್ಲಿ, ಆನೆಗಳು ಕೆನ್ನೆಯ ತುರಿಕೆ ಕಳೆಯಲು ಸರಲ ವೃಕ್ಷಗಳಿಗೆ ಮೈಯುಜ್ಜಿದಾಗ ಒಸರಿದ ಹಾಲಿನಿಂದ ಹಿಮಾಲಯದ ತಪ್ಪಲು ಸುಗಂಧವಾಯಿತೆಂದು ಕಾಳಿದಾಸ ಹೇಳುತ್ತಾನಲ್ಲ, ಆ ಸರಲವು ಪೈನ್ ಮರವೇ, ಆ ಹಾಲು ಈ ರಾಳವೇ. ನಿನ್ನ ಬೆರಳಿಗೆ ಈಗ ಅಂಟಿದೆ ನೋಡು. ಸೋಪಿಗೆ ಬಿಡದು, ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಬೇಕು.

ಮಗಳು: ಹಾಗಿದ್ದರೆ ಮರಗಳನ್ನೇ ಕಡಿಸಿಬಿಡು ಎನ್ನುತ್ತಾರೆ ಪಕ್ಕದ ಮನೆಯವರು.

ಚಿಕ್ಕಪ್ಪ: ಬೇಡ. 1996ರ ಸೆಪ್ಟೆಂಬರಿನಲ್ಲಿ ಫ್ರಾನ್ ಚಂಡಮಾರುತ ಈ ಊರಿನ ಮೇಲೆ ಹಾದಾಗ ನಾನಿಲ್ಲಿದ್ದೆ; ಬೆಳಗಾಗುವಷ್ಟರಲ್ಲಿ ಬೀದಿಬೀದಿಗಳಲ್ಲಿ ಮರಗಳು ಅಡ್ಡಬಿದ್ದಿದ್ದವು, ಎಷ್ಟೋ ದಿನ ಕರೆಂಟಿರಲಿಲ್ಲ. ಆ ಭಯವನ್ನು ಕಂಡವನಾಗಿಯೂ ಹೇಳುತ್ತೇನೆ: ಮರದ ವೈದ್ಯವನ್ನು ಬಲ್ಲವರನ್ನು ಕರೆಸಿ, ಬುಡ ಕೊಳೆತದ್ದೋ ಮನೆಯ ಕಡೆಗೆ ಹೊಸದಾಗಿ ವಾಲಿದ್ದೋ ಇದ್ದರೆ ತೆಗೆಸು, ಮಾಡಿಗೆ ತಾಗುವ ಕೊಂಬೆಯನ್ನು ಸವರಿಸು, ಆರೋಗ್ಯವಾಗಿ ನಿಂತದ್ದನ್ನು ಎಲೆ ಉದುರಿಸಿತೆಂಬ ತಪ್ಪಿಗೆ ಕಡಿಸಬೇಡ. ಈ ರಾಜ್ಯವೇ ಪೈನಿನದು. ಹಡಗುಗಳ ಕಾಲದಲ್ಲಿ ಇಲ್ಲಿಯ ಜನ ಈ ಮರದ ಟಾರು, ರಾಳ, ಟರ್ಪೆಂಟೈನುಗಳಿಂದ ಬದುಕಿದರು. ಇಲ್ಲಿಯವರಿಗೆ ಟಾರ್ ಹೀಲ್ ಎಂಬ ಹೆಸರು ಬಂದದ್ದು ಆ ಟಾರಿನ ದೆಸೆಯಿಂದ. 1963ರಲ್ಲಿ ಪೈನನ್ನೇ ರಾಜ್ಯವೃಕ್ಷವನ್ನಾಗಿ ಮಾಡಿಕೊಂಡರು. ಅಲ್ಲದೆ ಹನ್ನೊಂದನ್ನೂ ಕಡಿಸಿದರೂ ಬೇಲಿಯಾಚೆಯ ಇಪ್ಪತ್ತು ಮರಗಳ ಸೂಜಿಯನ್ನು ಗಾಳಿ ನಿನ್ನ ಮಾಡಿಗೇ ತಂದು ಹಾಕುತ್ತದೆ. ನೆರಳು ಹೋಗಿ ಜುಲೈ ಬಿಸಿಲು ಮಾತ್ರ ನಿನ್ನ ಪಾಲಿಗೆ ಉಳಿಯುತ್ತದೆ.

ಮಗಳು: ಕಡಿಸುವುದಿಲ್ಲ. ದೋಣಿಯನ್ನೇ ತೆಗೆಸಿಬಿಟ್ಟರೆ? ನಮ್ಮೂರ ಮನೆಯ ಸೂರಿಗೆ ಎಲ್ಲೆಡೆಯೂ ದೋಣಿ ಇರಲಿಲ್ಲವಲ್ಲ.

ಚಿಕ್ಕಪ್ಪ: ಇರಲಿಲ್ಲ, ಬಾಗಿಲ ಮುಂದೆ ಮಾತ್ರ ಅಡಿಕೆ ಮರ ಸೀಳಿ ಮಾಡಿದ ದಂಬೆ. ಆದರೆ ಆ ಸೂರು ಗೋಡೆಯಿಂದ ಎಷ್ಟು ಮುಂದಕ್ಕೆ ಚಾಚಿತ್ತು, ನೆನಪಿದೆಯೆ? ಆಗುಂಬೆಯ ಆಸುಪಾಸಿನ ಮಳೆಯೆಂದರೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿದ್ದು. ಆ ಮಳೆಗೆ ನಮ್ಮ ಹಿರಿಯರು ಉದ್ದ ಸೂರನ್ನೂ ಕೆಳಗೆ ಕಲ್ಲುಹಾಸಿನ ಕಾಲುವೆಯನ್ನೂ ಮಾಡಿ, ಬಿದ್ದ ನೀರು ಗೋಡೆಯ ಬುಡಕ್ಕೆ ಬಾರದಂತೆ ದೂರ ಸಾಗಿಸಿದರು. ಈ ಮನೆಯ ಸೂರು ಒಂದು ಗೇಣಿಗಿಂತ ತುಸು ಹೆಚ್ಚು. ಇಲ್ಲಿ ಮಳೆ ವರ್ಷಕ್ಕೆ ಸುಮಾರು 46 ಇಂಚು ಮಾತ್ರವಾದರೂ, ಸಾವಿರ ಚದರ ಅಡಿ ಮಾಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,360 ಲೀಟರು ನೀರಾಗುತ್ತದೆ, ಎಂದರೆ ನೂರೈವತ್ತು ಕೊಡಕ್ಕೂ ಹೆಚ್ಚು. ಅಷ್ಟೂ ನೀರು ಗೋಡೆಯ ಬುಡದ ಈ ಕೆಂಪು ಜೇಡಿಮಣ್ಣಿಗೆ ಬಿದ್ದು, ಅದು ಇಂಗಿಸಿಕೊಳ್ಳಲಾರದೆ, ನೆಲಮಹಡಿಯ ಕೆಳಗಿನ ಟೊಳ್ಳಿಗೆ ಹರಿದರೆ ತೊಲೆಗಳಿಗೆ ಬೂಷ್ಟು ಹಿಡಿಯುತ್ತದೆ. ದೋಣಿ ಬೇಕೇ ಬೇಕು. ಇರಲಿ, ಒಳಗಿನಿಂದ ಒಂದು ತಂಬಿಗೆ ನೀರು ತಾ. ಈ ಮಾದರಿಗಳನ್ನು ಬಾಯಿಮಾತಿನಲ್ಲಿ ತೂಗುವುದಕ್ಕಿಂತ ಪರೀಕ್ಷಿಸಿಯೇ ನೋಡೋಣ.

(ಮಗಳು ನೀರು ತಂದಳು. ಚಿಕ್ಕಪ್ಪ ಕಸವನ್ನು ಬೇರೆಡೆ ಸುರಿದು, ಖಾಲಿ ಬಕೆಟ್ಟಿನ ಬಾಯಿಗೆ ಒಂದೊಂದೇ ಮಾದರಿಯನ್ನು ಓರೆಯಾಗಿ ಹಿಡಿದರು. ಮಗಳು ಅದರ ಮೇಲೆ ಹಿಡಿಯಷ್ಟು ಸೂಜಿಯುದುರಿಸಿ ನೀರು ಹೊಯ್ದಳು.)

ಮಗಳು: ಈ ದೊಡ್ಡ ರಂಧ್ರದ ತಗಡು ಎಲ್ಲಕ್ಕಿಂತ ಅಗ್ಗ. ಆದರೆ ನೀವು ಹೇಳಿದ ಹಾಗೆಯೇ ಆಯಿತು; ನಾಲ್ಕಾರು ಸೂಜಿ ಆಗಲೇ ರಂಧ್ರದಲ್ಲಿ ನೆಟ್ಟಗೆ ನಿಂತಿವೆ. ಈ ಸ್ಪಂಜಿನಂಥದ್ದು?

ಚಿಕ್ಕಪ್ಪ: ದೋಣಿಯೊಳಗೇ ತುರುಕುವ ಫೋಮು ಅದು. ನೀರೇನೋ ಇಳಿಯಿತು, ಸೂಜಿಯನ್ನು ತೆಗೆ ನೋಡೋಣ. ಬರುವುದಿಲ್ಲ, ಸೂಜಿದಿಂಬಿಗೆ ಚುಚ್ಚಿದಂತೆ ಕಚ್ಚಿಕೊಂಡಿದೆ. ಎರಡು ವರ್ಷ ಕಳೆದರೆ ಆ ಸ್ಪಂಜಿನ ಕಣ್ಣುಗಳಲ್ಲಿ ಮಣ್ಣು ಕೂತು, ಅದರ ಮೇಲೆ ಮೇಪಲ್ ಬೀಜ ಬಿದ್ದು ಮೊಳೆಯುತ್ತದೆ. ನನ್ನ ಮನೆಯ ಹಿಂಬದಿಯಲ್ಲಿ ಹಾಗೆ ಗೇಣುದ್ದದ ಸಸಿಯನ್ನು ನಾನೇ ಕಿತ್ತಿದ್ದೇನೆ. ಈ ಬಾಟಲಿ ತೊಳೆಯುವ ಬ್ರಷ್ಷಿನಂಥದ್ದೂ ಅದೇ ಜಾತಿ. ಓಕ್ ಮರದ ಮನೆಗೆ ಬ್ರಷ್ಷು ಸಲ್ಲಬಹುದು. ಸೂಜಿಯೆಲೆಗೆ ಅದು ಬಾಚಣಿಗೆ, ಹಿಡಿದದ್ದನ್ನು ಬಿಡದು. ಇವೆರಡನ್ನೂ ಆಚೆಗಿಡು, ಮತ್ತೆ ಮಾತೇ ಬೇಡ.

ಮಗಳು: ಈ ಉಬ್ಬು ಮುಚ್ಚಳದವರದೇ ಎಲ್ಲಕ್ಕಿಂತ ದೊಡ್ಡ ಬೆಲೆ. ನೀರು ಮೂತಿಯ ಸುತ್ತ ಅಂಟಿಕೊಂಡು ತಿರುಗಿ ಒಳಕ್ಕೆ ಹೋಗುತ್ತದೆ, ಎಲೆ ಮಾತ್ರ ಹೊರಕ್ಕೆ ಬೀಳುತ್ತದೆ ಎಂದರು.

ಚಿಕ್ಕಪ್ಪ: ಹೊಯ್ಯಿ. ನಿಧಾನವಾಗಿ ಹೊಯ್ದರೆ ನೀರು ನಿಜವಾಗಿಯೂ ಬಾಗಿ ಸೀಳಿನೊಳಗೆ ಹೋಗುತ್ತಿದೆ. ಚೆಂಬಿನ ಹೊರಮೈಗೆ ಅಂಟಿ ಹಾಲು ಕೆಳಗಿಳಿಯುವ ತತ್ತ್ವವೇ ಇದು, ಸುಳ್ಳಲ್ಲ. ಆದರೆ ಒದ್ದೆ ಸೂಜಿ ಏನು ಮಾಡಿತು? ಅದೂ ನೀರಿನ ಪೊರೆಯೊಳಗೆ ಮಲಗಿ, ನೀರು ತಿರುಗಿದಲ್ಲಿ ತಾನೂ ತಿರುಗಿ ಸೀಳಿಗೆ ಹೋಯಿತು. ಈಗ ತಂಬಿಗೆಯನ್ನು ಒಮ್ಮೆಲೇ ಬಗ್ಗಿಸು. ಕಂಡೆಯಾ, ನೀರು ತಿರುಗಲು ಪುರಸೊತ್ತಿಲ್ಲದೆ ನೇರ ನಿನ್ನ ಕಾಲ ಮೇಲೆ ಹಾರಿತು. ಬೇಸಿಗೆಯ ಗುಡುಗುಮಳೆಗೂ ಚಂಡಮಾರುತದ ಮಳೆಗೂ ಹಾಗೆಯೇ ಆಗುತ್ತದೆ. ಇದಕ್ಕಿಂತ ದೊಡ್ಡ ತೊಡಕು ಮತ್ತೊಂದು: ಇದರೊಳಗೆ ಕಸ ತುಂಬಿದ ದಿನ ನಿನ್ನ ಕೈ ಅಲ್ಲಿಗೆ ಹೋಗುವುದಿಲ್ಲ, ಹಾಕಿದವರನ್ನೇ ಕರೆಸಿ ಬಿಚ್ಚಿಸಬೇಕು.

ಮಗಳು: ಉಳಿದದ್ದು ಈ ಸ್ಟೀಲಿನ ನಯವಾದ ಜಾಲರಿ. ಹಿಟ್ಟಿನ ಜರಡಿಯಂತಿದೆ. ಸೂಜಿ ಒಂದೂ ಒಳಗೆ ಹೋಗಲಿಲ್ಲ, ಆ ಕಲ್ಲಿನ ಹರಳು ಸಹ ಮೇಲೆಯೇ ಉಳಿಯಿತು.

ಚಿಕ್ಕಪ್ಪ: ಮೈಕ್ರೊಮೆಶ್ ಎನ್ನುತ್ತಾರೆ. ಒಂದಿಂಚಿಗೆ ಮೂವತ್ತರ ಆಸುಪಾಸಿನ ಎಳೆಗಳಿರುವುದರಿಂದ ಎಳೆಗಳ ನಡುವಿನ ಕಿಂಡಿ ಸೂಜಿಯ ದಪ್ಪಕ್ಕಿಂತ ಕಿರಿದು. ತುದಿ ಸಿಕ್ಕಿಕೊಳ್ಳಲು ಎಡೆಯೇ ಇಲ್ಲ. ಪೈನ್ ಮರದ ಮನೆಗೆ ನಾನು ಒಪ್ಪುವುದು ಇದೊಂದನ್ನೇ. ಆದರೆ ಇದನ್ನು ಚಪ್ಪಟೆಯಾಗಿ ಹಿಡಿಯುತ್ತೇನೆ, ನೀರು ಹೊಯ್ಯಿ. ಈಗ ಮಾಡಿನಷ್ಟೇ ಓರೆಯಾಗಿ ಹಿಡಿಯುತ್ತೇನೆ, ಮತ್ತೆ ಹೊಯ್ಯಿ.

ಮಗಳು: ಚಪ್ಪಟೆ ಹಿಡಿದಾಗ ಸೂಜಿಗಳೆಲ್ಲ ಕದಲದೆ ಕೂತವು. ಓರೆ ಹಿಡಿದಾಗ ಅರ್ಧಕ್ಕೂ ಹೆಚ್ಚು ಜಾರಿಬಿದ್ದವು.

ಚಿಕ್ಕಪ್ಪ: ಇಷ್ಟೇ ಮರ್ಮ. ಎಷ್ಟೇ ಬೆಲೆಯ ಜಾಲರಿಯಾದರೂ ಮಾಡಿನ ಇಳಿಜಾರನ್ನೇ ಮುಂದುವರಿಸುವಂತೆ ಕೂತರೆ ಒಣಗಿದ ಸೂಜಿ ಗಾಳಿಗೆ ಜಾರುತ್ತದೆ. ದೋಣಿಯ ಮೇಲೆ ಮಣೆ ಹಾಕಿದಂತೆ ಮಟ್ಟವಾಗಿ ಕೂತರೆ ಅದೇ ಜಾಲರಿ ಚಾಪೆಗೆ ಮಗ್ಗವಾಗುತ್ತದೆ. ಈಗ ನಾನು ಮುಖ್ಯವೆಂದು ನಂಬಿದ ಮಾತೊಂದನ್ನು ಹೇಳುತ್ತೇನೆ. ಮುಚ್ಚಳವು ಕೆಲಸವನ್ನು ಇಲ್ಲವಾಗಿಸುವುದಿಲ್ಲ. ಕೆಲಸದ ಜಾಗವನ್ನು ಬದಲಿಸುತ್ತದೆ. ಮೊದಲು ದೋಣಿಯ ಒಳಗೆ ಕೂರುತ್ತಿದ್ದ ಕಸ ಇನ್ನು ಜಾಲರಿಯ ಮೇಲೆ ಕೂರುತ್ತದೆ. ಒಳಗಿನ ಕೆಸರನ್ನು ಏಣಿಯ ತುದಿಯಲ್ಲಿ ನಿಂತು ಬಾಚಬೇಕಾಗಿತ್ತು. ಮೇಲಿನ ಸೂಜಿಯನ್ನು ನೆಲದ ಮೇಲೆ ನಿಂತು ಉದ್ದ ಕೋಲಿನ ಮೆತ್ತನೆಯ ಬ್ರಷ್ಷಿನಿಂದ ಗುಡಿಸಬಹುದು. ಆ ಬದಲಾವಣೆಗಾಗಿ ನೀನು ಹಣ ಕೊಡುತ್ತಿರುವುದು; ಅದಕ್ಕೆ ತಕ್ಕಷ್ಟು ಕೊಡು. ಮುಚ್ಚಳ ಹಾಕಿದ ಬಳಿಕ ಮಾಡಿನ ಕಡೆ ನೋಡಬೇಕಾಗಿಯೇ ಇಲ್ಲವೆಂಬ ಮಾತಿಗಾಗಿ ಕೊಡಬೇಡ.

ಮಗಳು: ಆದರೆ ಈ ಜಾಲರಿಯ ಖಾತರಿಪತ್ರದಲ್ಲಿ ಜೀವಾವಧಿ ಎಂದು ಬರೆದಿದ್ದಾರೆ.

ಚಿಕ್ಕಪ್ಪ: ಓದು, ಎರಡನೆಯ ಪುಟದ ಸಣ್ಣ ಅಕ್ಷರಗಳನ್ನು.

ಮಗಳು: "ದೋಣಿಯ ಒಳಗೆ ಕಸ ಕಟ್ಟಿದರೆ" ಎಂದಿದೆ. ಮುಚ್ಚಳದ ಮೇಲ್ಭಾಗವನ್ನು ಶುಚಿಯಾಗಿಡುವುದು ಮನೆಯವರ ಹೊಣೆ ಎಂದಿದೆ.

ಚಿಕ್ಕಪ್ಪ: ಅದನ್ನು ಅವರು ಬಾಯಿಂದ ಹೇಳಿರಲಿಲ್ಲ. ಹೇಳಬೇಕಾಗಿತ್ತು, ಮುಖ ನೋಡಿ ವ್ಯಾಪಾರ ಮಾಡುವವರು ಇದನ್ನು ಮುಚ್ಚಿಡುವುದು ನನಗೆ ಬಹಳ ನೋವಿನ ಸಂಗತಿ. ಹೇಳಿದ್ದರೂ ನೀನು ಇದನ್ನೇ ಕೊಳ್ಳುತ್ತಿದ್ದೆ.

ಮಗಳು: ಮಾರ್ಚ್ ಕೊನೆಯಲ್ಲಿ ಹಳದಿ ಪರಾಗ ಕಾರಿನ ಮೇಲೆಲ್ಲ ಕೂತಿತ್ತಲ್ಲ, ಅದು ಈ ಜರಡಿಯನ್ನು ಮುಚ್ಚಿಬಿಡುವುದಿಲ್ಲವೇ?

ಚಿಕ್ಕಪ್ಪ: ಒಳ್ಳೆಯ ಪ್ರಶ್ನೆ, ಮಾರುವವರಾರೂ ಎತ್ತದ ಪ್ರಶ್ನೆ. ಪರಾಗದ ಕಣ ಕಿಂಡಿಗಿಂತ ಎಷ್ಟೋ ಸಣ್ಣದು, ಒಣಗಿದ್ದಾಗ ಸೋಸಿಹೋಗುತ್ತದೆ. ಆದರೆ ಇಬ್ಬನಿಯಲ್ಲಿ ನೆನೆದು, ಓಕಿನ ಹೂದಾರ ಕೂಡಿಕೊಂಡು, ರಾಳದ ಜಿಡ್ಡೂ ಬೆರೆತರೆ ದೋಸೆಹಿಟ್ಟಿನ ಪದರದಂತೆ ಎಳೆಗಳ ಮೇಲೆ ಹರಡಿಕೊಳ್ಳುತ್ತದೆ. ಆಗ ಬಿದ್ದ ಮಳೆ ಜಾಲರಿಯನ್ನು ಬಿಟ್ಟು ಹೊರಕ್ಕೆ ಹಾರುತ್ತದೆ. ಅದಕ್ಕೆ ಏಪ್ರಿಲ್ ಮುಗಿದ ಬಳಿಕ ಒಂದು ಸಲ ಪೈಪು ಹಿಡಿದು ತೊಳೆಯುವುದು, ಡಿಸೆಂಬರ್ ಮೊದಲ ವಾರ ಸೂಜಿ ಉದುರಿ ಮುಗಿದ ಮೇಲೆ ಒಂದು ಸಲ ಗುಡಿಸುವುದು. ಊರಿನಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುತ್ತಿದ್ದರಲ್ಲ, ಹಾಗೆ. ನಿನ್ನ ಅಜ್ಜ ಅದನ್ನು ಒಂದು ವರ್ಷವೂ ತಪ್ಪಿಸಿದವರಲ್ಲ.

ಮಗಳು: ಅಜ್ಜ ದಂಬೆಯ ಕಸವನ್ನು ಕಟ್ಟೆಯ ಮೇಲೆ ನಿಂತೇ ತೆಗೆಯುತ್ತಿದ್ದರು. ಏಣಿ ಹಾಕಿದ್ದನ್ನು ನಾನು ನೋಡಿಯೇ ಇಲ್ಲ.

ಚಿಕ್ಕಪ್ಪ: ನೀನೀಗ ಬೆಲೆಬಾಳುವ ಮಾತೊಂದನ್ನಾಡಿದೆ. ಅಲ್ಲಿ ಸೂರು ಕೈಗೆಟುಕುತ್ತಿತ್ತು. ಆದುದರಿಂದ ದಂಬೆಗೆ ಮುಚ್ಚಳ ಬೇಕೆಂದು ಯಾರಿಗೂ ತೋಚಲಿಲ್ಲ. ಈ ಮನೆಯಲ್ಲಿಯೂ ಎಲ್ಲ ಸೂರೂ ಒಂದೇ ಎತ್ತರದಲ್ಲಿಲ್ಲ. ಮುಂಭಾಗ ಎರಡಂತಸ್ತು, ಏಣಿ ಹಾಕುವ ನೆಲವೂ ಇಳಿಜಾರು. ಅಲ್ಲಿಗೆ ಈ ಜಾಲರಿ ಸರಿ. ಈ ಹಿತ್ತಲ ಕಟ್ಟೆಯ ಮೇಲಿನ ಸೂರಿಗೂ ಗ್ಯಾರೇಜಿನ ಸೂರಿಗೂ ಆರಡಿಯ ಮೆಟ್ಟಿಲೇಣಿ ಸಾಕು. ಅಲ್ಲಿ ತೆರೆದ ದೋಣಿಯೇ ಇರಲಿ, ಕೈಗವಸು ತೊಟ್ಟು ನೀನೇ ಬಾಚಿಬಿಡಬಹುದು. ಅವರು ಮನೆಯ ಸುತ್ತಳತೆಯನ್ನೆಲ್ಲ ಅಳೆದು ದರ ಹೇಳಿದ್ದಾರೆ. ಎತ್ತರದ ಸೂರಿಗೆ ಮಾತ್ರ ಬರೆದುಕೊಡಿ ಎಂದು ಕೇಳು.

ಮಗಳು: ಮತ್ತೇನು ಕೇಳಲಿ?

ಚಿಕ್ಕಪ್ಪ: ಜಾಲರಿಯ ಹಿಂದಂಚನ್ನು ಶಿಂಗಲ್ಲಿನ ಅಡಿಗೆ ತುರುಕುತ್ತೀರೋ, ದೋಣಿಯ ಹಿಂಬದಿಯ ಹಲಗೆಗೇ ಬಿಗಿಯುತ್ತೀರೋ ಎಂದು ಕೇಳು, ಶಿಂಗಲ್ಲನ್ನು ಎಬ್ಬಿಸಿದರೆ ಅದರ ಅಂಟು ಬಿಡುತ್ತದೆ, ಮಾಡು ಹೊದಿಸಿದವರು ಕೊಟ್ಟ ಖಾತರಿಗೂ ಧಕ್ಕೆ ಬರಬಹುದು. ಚೌಕಟ್ಟು ಪ್ಲಾಸ್ಟಿಕ್ಕೋ ಲೋಹವೋ ಎಂದು ಕೇಳು. ಪ್ಲಾಸ್ಟಿಕ್ಕು ಬಿಸಿಲಿಗೆ ಡೊಂಕಾಗುವುದಷ್ಟೇ ಅಲ್ಲ, ಬೆಂಕಿಯ ಮಾತೂ ಇದೆ. ಮೇಘದೂತದ ಯಕ್ಷ, ಸರಲ ವೃಕ್ಷಗಳ ತಿಕ್ಕಾಟದಿಂದ ಹುಟ್ಟಿದ ಕಾಳ್ಗಿಚ್ಚನ್ನು ಮಳೆಗರೆದು ಆರಿಸೆಂದು ಮೋಡವನ್ನು ಬೇಡಿಕೊಳ್ಳುತ್ತಾನೆ. ಆ ಭಯ ಕ್ಯಾಲಿಫೋರ್ನಿಯಾದ ಪೈನ್ ಕಾಡಿನ ಊರುಗಳಲ್ಲಿ ಇಂದಿಗೂ ಹಾಗೆಯೇ ಇದೆ. 2018ರ ನವೆಂಬರ್ 8ರಂದು ಪ್ಯಾರಡೈಸ್ ಎಂಬ ಊರು ಸುಟ್ಟುಹೋಯಿತಲ್ಲ, ಅಂಥ ಬೆಂಕಿಗಳಲ್ಲಿ ಜ್ವಾಲೆ ಬರುವುದಕ್ಕೆ ಎಷ್ಟೋ ಮುಂಚೆ ಗಾಳಿಯಲ್ಲಿ ತೇಲಿಬಂದ ಕೆಂಡದ ಕಿಡಿ, ಸೂರಿನ ದೋಣಿಯಲ್ಲಿ ಒಣಗಿದ ಸೂಜಿಗಳೊಳಗೆ ಬಿದ್ದು ಮನೆಗೆ ತಗುಲುತ್ತದೆ. ಆ ರಾಜ್ಯದ ಬೆಂಕಿಭಯದ ವಲಯಗಳಲ್ಲಿ ಹೊಸ ಮನೆ ಕಟ್ಟುವವರು ದೋಣಿಯಲ್ಲಿ ಎಲೆ ಶೇಖರವಾಗದಂತೆ ಏರ್ಪಾಡು ಮಾಡಲೇಬೇಕೆಂದು ಕಟ್ಟಡದ ನಿಯಮವೇ ವಿಧಿಸುತ್ತದೆ. ನಮ್ಮ ಕಡೆ ತೇವ ಹೆಚ್ಚು, ಭಯ ಅಷ್ಟಿಲ್ಲ; ಆದರೂ ಲೋಹದ್ದೇ ಲೇಸು.

ಮಗಳು: ಹಳೆಯ ದೋಣಿಯ ಮೇಲೆಯೇ ಹಾಕುತ್ತಾರಂತೆ.

ಚಿಕ್ಕಪ್ಪ: ಅದಕ್ಕೆ ಮುಂಚೆ ದೋಣಿಯೇ ಸರಿಯಾಗಿದೆಯೋ ನೋಡಬೇಕು. ಪ್ರತಿ ಹತ್ತಡಿಗೆ ಕಾಲಿಂಚಾದರೂ ಇಳಿಜಾರಿರಬೇಕು. ನಡುವೆ ಜೋತುಬಿದ್ದು ನೀರು ನಿಂತರೆ ಸೊಳ್ಳೆಗೆ ತೊಟ್ಟಿಲು ಕಟ್ಟಿದಂತೆ, ಮುಚ್ಚಳ ಹಾಕಿದ ಮೇಲೆ ಅದು ಕಣ್ಣಿಗೂ ಬೀಳದು. ನೀರಿಳಿಯುವ ಕೊಳವೆ ನಿನ್ನ ಮನೆಯಲ್ಲಿ ಎರಡಿಂಚಿಗೆ ಮೂರಿಂಚಿನದು. ಸೂಜಿ ಸಿಕ್ಕಿಕೊಳ್ಳುವುದು ಅದರ ಮೊಣಕೈಯಲ್ಲಿಯೇ. ಮೂರಕ್ಕೆ ನಾಲ್ಕಿನದನ್ನು ಹಾಕಿಸಿದರೆ ಬಾಯಿಯ ವಿಸ್ತಾರ ಇಮ್ಮಡಿಯಾಗುತ್ತದೆ. ಖರ್ಚು ಅಲ್ಪ, ಉಪಕಾರ ದೊಡ್ಡದು. ಮುಚ್ಚಳಕ್ಕಿಂತ ಮೊದಲು ಅದನ್ನು ಮಾಡಿಸು ಎಂದೇ ನಾನು ಹೇಳುವುದು.

(ಮಾತಿನ ನಡುವೆ ಮೋಡ ಕವಿದು ಹನಿ ಬೀಳತೊಡಗಿತು, ಎರಡು ನಿಮಿಷದಲ್ಲಿ ಮಳೆ ಬಲವಾಯಿತು. ಮಗಳು ಕಾಗದಗಳನ್ನು ಸೆರಗಿನೊಳಗೆ ಅವುಚಿಕೊಂಡು ಒಳಹೋಗಲು ಎದ್ದಳು. ಚಿಕ್ಕಪ್ಪ ಕೊಡೆ ಬಿಚ್ಚಿ ಅಂಗಳಕ್ಕಿಳಿದರು.)

ಚಿಕ್ಕಪ್ಪ: ಒಳಗೆ ಹೋಗಬೇಡ, ಬಾ. ದೋಣಿಯನ್ನು ನೋಡಬೇಕಾದದ್ದು ಮಳೆಯಲ್ಲಿಯೇ. ಆ ಮೂಲೆ ನೋಡು, ಎರಡು ಮಾಡುಗಳು ಕೂಡುವ ಕೊರಕಲು. ಎರಡೂ ಕಡೆಯ ನೀರು ಅಲ್ಲಿ ಒಂದಾಗಿ ಹಳ್ಳದಂತೆ ಧುಮುಕುತ್ತಿದೆ. ನಿನ್ನ ಕಿಟಕಿಯ ಮುಂದಿನ ಪರದೆ ಅದೇ.

ಮಗಳು: ದೋಣಿಯನ್ನು ಈಗಷ್ಟೇ ಬಾಚಿದ್ದೀರಿ, ಆದರೂ ಹೊರಕ್ಕೇ ಹಾರುತ್ತಿದೆ!

ಚಿಕ್ಕಪ್ಪ: ಹೌದು, ಅಲ್ಲಿ ತಪ್ಪು ಸೂಜಿಯದಲ್ಲ. ಅಲ್ಲಿ ಎಂಥ ಜಾಲರಿ ಹಾಕಿದರೂ ಆ ವೇಗಕ್ಕೆ ನೀರು ಅದರ ಮೇಲಿಂದ ಜಿಗಿಯುತ್ತದೆ. ಮೂಲೆಯಲ್ಲಿ ದೋಣಿಯ ಹೊರಅಂಚಿಗೆ ನಾಲ್ಕು ಬೆರಳೆತ್ತರದ ತಗಡಿನ ತಡೆಯೊಂದನ್ನು ಮಡಚಿ ನಿಲ್ಲಿಸಬೇಕು. ಅದನ್ನೂ ಬರೆದುಕೋ.

ಮಗಳು: ಕಾಗದ ಒದ್ದೆಯಾಗುತ್ತದೆ, ಚಿಕ್ಕಪ್ಪ.

ಚಿಕ್ಕಪ್ಪ: ಆಗಲಿ. ಕೊಡೆಯ ಈ ಕಡೆಗೆ ಬಾ, ಬರೆ.